ಹಸಿದುಕೊಂಡು ಓದಬೇಡ, ತಮ್ಮಾ

ಟೀ, ಬನ್ನಿನ ಮೇಲೆ ದಿನ ದೂಡುತ್ತಿದ್ದೇನೆ ಅಂತ ಬರೆದಿದ್ದೀಯ. ಓದಿ ಸಂಕಟವಾಯಿತು. ಮೊದಲು ಹೊಟ್ಟೆಗೆ ಬೀಳಲಿ, ಮಿಕ್ಕಿದ್ದು ಆಮೇಲೆ.

ಬೆಂಗಳೂರಿನ ವಿಜಯನಗರ, ರಾಜಾಜಿನಗರದ ಕಡೆ 2017ರಲ್ಲಿ ಶುರುವಾದ ಇಂದಿರಾ ಕ್ಯಾಂಟೀನ್‌ಗಳಿವೆ. 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ. ನೀನು ಬಡವನೋ ಅಲ್ಲವೋ ಅಂತ ಪುರಾವೆ ಕೇಳುವುದಿಲ್ಲ. ದುಡ್ಡು ಕೊಟ್ಟು ಟೋಕನ್ ತಗೊಂಡು ಸಾಲಿನಲ್ಲಿ ನಿಂತರಾಯಿತು. ತಡಮಾಡಿದರೆ ಪಾತ್ರೆ ಖಾಲಿಯಾಗಬಹುದು, ಬೇಗ ಹೋಗು. ಪರಿಚಯದವರು ನೋಡಿಯಾರೆಂಬ ಸಂಕೋಚ ಬೇಡ. ವಾರಾನ್ನ ಉಂಡು ಓದಿ ಮೇಲೆ ಬಂದವರು ಈ ನಾಡಿನಲ್ಲಿ ಎಷ್ಟೋ ಜನ.

ಹಾಸ್ಟೆಲ್ ಸೀಟು ಸಿಗಲಿಲ್ಲ ಅಂದೆಯಲ್ಲ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ವಿದ್ಯಾಸಿರಿ ಇರುವುದೇ ಅಂಥವರಿಗೆ. ಊಟ, ವಸತಿಗೆಂದು ತಿಂಗಳಿಗೆ ಇಂತಿಷ್ಟು ಹಣವೆಂದು ವರ್ಷಕ್ಕೆ 10 ತಿಂಗಳು ಕೊಡುವ ಯೋಜನೆ. ಜಾತಿ, ಆದಾಯ ಪ್ರಮಾಣಪತ್ರ ಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಆದರೆ ಆ ದುಡ್ಡು ಈ ವಾರದ ಹಸಿವಿಗೆ ಒದಗುವುದಿಲ್ಲ. ಹಾಗಾಗಿ ನಾಳೆಯೇ ನಿನಗೆ ನಂಬಿಕೆಯಿರುವ ಮೇಷ್ಟ್ರೊಬ್ಬರ ಹತ್ತಿರ ಬಾಯಿಬಿಟ್ಟು ಹೇಳು. ಕಾಲೇಜು ಶುಲ್ಕವನ್ನು ಕಂತಿನಲ್ಲಿ ಕಟ್ಟಲು ಅವಕಾಶ ಕೊಡಿ ಅಂತ ಪ್ರಾಂಶುಪಾಲರಿಗೂ ಅರ್ಜಿ ಬರೆ.

ಮೊಬೈಲಿನ ಸಾಲದ ಆ್ಯಪ್‌ಗಳ ಹತ್ತಿರ ಮಾತ್ರ ಸುಳಿಯಬೇಡ. ಅಪ್ಪನಿಗೆ ಹೇಳಲು ಅಳುಕಾದರೆ ಅಮ್ಮನಿಗಾದರೂ ಇವತ್ತು ರಾತ್ರಿ ಫೋನ್ ಮಾಡು.