ಇಂಟಿಗ್ರೇಟೆಡ್ ಪಿಎಚ್‌ಡಿ: ಕಾಯುವ ವರ್ಷದ ಬೆಲೆ

ಬಿ.ಎಸ್ಸಿ ಕೊನೆಯ ವರ್ಷದಲ್ಲಿರುವ ಮಕ್ಕಳ ತಂದೆತಾಯಿ ನನ್ನನ್ನು ಹೆಚ್ಚಾಗಿ ಕೇಳುವುದು ಇದನ್ನೇ: ‘ಇಂಟಿಗ್ರೇಟೆಡ್ ಪಿಎಚ್‌ಡಿ ಸೇರಿದರೆ ಎಷ್ಟು ವರ್ಷ ಉಳಿಯುತ್ತೆ ಮೇಡಂ?’ ವರ್ಷ ಹೆಚ್ಚೇನೂ ಉಳಿಯುವುದಿಲ್ಲ. ಎಂ.ಎಸ್ಸಿ ಮಟ್ಟದ ಪಾಠಗಳಿಗೆ ಒಂದೂವರೆ, ಎರಡು ವರ್ಷ ಹೋಗಿಯೇ ಹೋಗುತ್ತದೆ. ಆಮೇಲೆ ಸಂಶೋಧನೆಗೆ ನಾಲ್ಕೈದು ವರ್ಷ ಬೇಕೇ ಬೇಕು. ತಪ್ಪುವುದು ನಡುವಿನ ಖಾಲಿ ಕಾಲ. ಎಂ.ಎಸ್ಸಿ ಮುಗಿಸಿ ನೆಟ್ ಫಲಿತಾಂಶಕ್ಕೆ, ಸಂದರ್ಶನದ ಪತ್ರಕ್ಕೆ, ಗೈಡ್ ಸಿಗುವುದಕ್ಕೆ ಕಾಯುತ್ತಾ ಮನೆಯಲ್ಲಿ ಕೂರುವ ಆ ಕಾಲವೇ ಸಣ್ಣ ಆದಾಯದ ಕುಟುಂಬಕ್ಕೆ ಎಲ್ಲಕ್ಕಿಂತ ದುಬಾರಿ. ಒಳ್ಳೆಯ ವಿದ್ಯಾರ್ಥಿಗಳು ಸಂಶೋಧನೆಯ ಆಸೆ ಬಿಟ್ಟು ಸಿಕ್ಕಿದ ಕೆಲಸಕ್ಕೆ ಸೇರುವುದನ್ನು ನಾನು ಹೆಚ್ಚಾಗಿ ಕಂಡಿರುವುದು ಆ ಹಂತದಲ್ಲೇ. ಹುಡುಗಿಯಾದರೆ ಅಷ್ಟರಲ್ಲಿ ಮನೆಯಲ್ಲಿ ಮದುವೆಯ ಮಾತು ಶುರುವಾಗಿರುತ್ತದೆ.

2012ರಲ್ಲಿ ನಾನು ಹಾಸನದಲ್ಲಿ ಬಿ.ಎಸ್ಸಿ ಮುಗಿಸಿದೆ. ಊರು ಅರಸೀಕೆರೆ ತಾಲ್ಲೂಕು, ತೆಂಗಿನ ತೋಟದ ಮನೆ. ಕೊಬ್ಬರಿಗೆ ಬೆಲೆ ಬಂದರೆ ಹಬ್ಬ, ಇಲ್ಲದಿದ್ದರೆ ಸೊಸೈಟಿ ಸಾಲ. ಜಾಮ್ ಪರೀಕ್ಷೆ ಬರೆದು ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಎಂ.ಎಸ್-ಪಿಎಚ್‌ಡಿ ಸೀಟು ಪಡೆದಾಗ ಅಪ್ಪ ಪ್ರವೇಶ ಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ‘ಇದರಲ್ಲಿ ನಾವು ಕಟ್ಟೋದು ಎಷ್ಟು, ಎಲ್ಲಿ ಬರೆದಿದ್ದಾರೆ?’ ಅಂದರು. ‘ಕಟ್ಟೋದು ಸ್ವಲ್ಪಾನೇ ಅಪ್ಪ, ಪ್ರತಿ ತಿಂಗಳು ಅವರೇ ನನಗೆ ಕೊಡ್ತಾರೆ’ ಅಂದೆ. ನಂಬಿಕೆ ಬರಲಿಲ್ಲ. ಪತ್ರವನ್ನು ಸೊಸೈಟಿ ಕಾರ್ಯದರ್ಶಿಗೆ ಕೊಟ್ಟು ಓದಿಸಿಕೊಂಡು ಬಂದ ಮೇಲೆಯೇ ಅಮ್ಮನಿಗೆ ಟ್ರಂಕು ಇಳಿಸಲು ಹೇಳಿದ್ದು.

ಭಾರತೀಯ ವಿಜ್ಞಾನ ಸಂಸ್ಥೆ, ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ಎನ್‌ಸಿಬಿಎಸ್, ಹೀಗೆ ಬೆಂಗಳೂರಿನಲ್ಲೇ ಈ ಬಗೆಯ ಕೋರ್ಸ್ ಇರುವ ಸಂಸ್ಥೆಗಳಿವೆ. ಮೊದಲ ಎರಡು ವರ್ಷ, ಅಂದರೆ ಪಾಠದ ಹಂತದಲ್ಲಿ, ಸ್ಟೈಪೆಂಡ್ ಕಡಿಮೆ. ನನಗೆ ಮೆಸ್ ಬಿಲ್, ಹಾಸ್ಟೆಲ್, ಊರಿಗೆ ಹೋಗಿಬರುವ ರೈಲು ಟಿಕೆಟ್ ಕಳೆದು ಉಳಿಯುತ್ತಿದ್ದುದು ಅಷ್ಟಕ್ಕಷ್ಟೆ. ಆದರೆ ಮನೆಯಿಂದ ದುಡ್ಡು ತರಿಸಿಕೊಳ್ಳಲಿಲ್ಲ, ಸಾಲ ಮಾಡಲಿಲ್ಲ. ಅದೇ ಎರಡು ವರ್ಷ ಬೇರೆ ಊರಿನಲ್ಲಿ ಎಂ.ಎಸ್ಸಿ ಓದಿದ್ದರೆ ಫೀಸು, ಪಿಜಿ ಬಾಡಿಗೆ, ಊಟ ಎಲ್ಲವೂ ತೋಟದಿಂದಲೇ ಹೋಗಬೇಕಿತ್ತು.

ಪಾಠ ಮುಗಿದ ಮೇಲೆ ಜೆಆರ್‌ಎಫ್ ದರ ಸಿಗತೊಡಗುತ್ತದೆ. ನಾನು ಆ ಹಂತಕ್ಕೆ ಬಂದ 2014ರಲ್ಲಿ ಅದು ತಿಂಗಳಿಗೆ 16,000 ಇತ್ತು. ಅದೇ ವರ್ಷ ಅಕ್ಟೋಬರ್‌ನಿಂದ 25,000 ಆಯಿತು. 2019ರಲ್ಲಿ 31,000, 2023ರ ಜನವರಿಯಿಂದ 37,000. ಎರಡು ವರ್ಷದ ನಂತರ ಎಸ್‌ಆರ್‌ಎಫ್, ಈಗ 42,000. ಹಾಸ್ಟೆಲ್ ಸಿಗದವರಿಗೆ ಮನೆ ಬಾಡಿಗೆ ಭತ್ಯೆ ಬೇರೆ.

ಕಾಗದದ ಮೇಲೆ ಏರಿದ ಮೊತ್ತ ಖಾತೆಗೆ ಬೇಗ ಬರುವುದಿಲ್ಲ ಎನ್ನುವುದು ಫೆಲೋಶಿಪ್‌ನಲ್ಲಿ ಓದಿದ ಎಲ್ಲರಿಗೂ ಗೊತ್ತು. ನನ್ನ ಲ್ಯಾಬಿನಲ್ಲಿ ಒಬ್ಬೊಬ್ಬರ ದುಡ್ಡು ಒಂದೊಂದು ಕಡೆಯಿಂದ ಬರುತ್ತಿತ್ತು. ಒಬ್ಬರದು ಬಂದಾಗ ಇನ್ನೊಬ್ಬರದು ನಿಂತಿರುತ್ತಿತ್ತು. ಅದಕ್ಕೆಂದೇ ಫ್ರಿಜ್ ಪಕ್ಕದ ಡ್ರಾಯರಿನಲ್ಲಿ ಉದ್ದನೆಯ ಲೆಕ್ಕದ ಪುಸ್ತಕ ಒಂದಿತ್ತು. ಫೆಲೋಶಿಪ್ ಬಂದ ತಿಂಗಳು ಪ್ರತಿಯೊಬ್ಬರೂ ಐನೂರು ಹಾಕಬೇಕು. ಬಾರದವರು ಎಷ್ಟು ಬೇಕೋ ಅಷ್ಟು ತೆಗೆದು, ಹೆಸರು, ತಾರೀಖು, ಮೊತ್ತವನ್ನು ಪೆನ್ಸಿಲ್‌ನಲ್ಲಿ ಬರೆಯಬೇಕು. ಬಾಕಿ ಕೈಸೇರಿದ ದಿನ ಕಟ್ಟಿ, ಆ ಸಾಲನ್ನು ರಬ್ಬರಿನಿಂದ ಅಳಿಸಬೇಕು. ಬಡ್ಡಿ ಇಲ್ಲ, ಕಾರಣ ಕೇಳುವ ಹಾಗಿಲ್ಲ. ಒಮ್ಮೆ ನನ್ನ ಹಣ ತಿಂಗಳುಗಟ್ಟಲೆ ನಿಂತಾಗ ಮೆಸ್ ಬಿಲ್ ಕಟ್ಟಿದ್ದು ಆ ಡ್ರಾಯರೇ. ಆ ಪುಸ್ತಕ ಶುರುಮಾಡಿದ ಸೀನಿಯರ್ ಅಕ್ಕನಿಗೆ ನಾನು ಇಂದಿಗೂ ಋಣಿ. ಹೊಸದಾಗಿ ಸೇರುವವರಿಗೆ ನಾನು ಹೇಳುವುದು ಇಷ್ಟು: ಮೊದಲ ವರ್ಷದಲ್ಲೇ ಮೂರು ತಿಂಗಳ ಮೆಸ್ ಬಿಲ್‌ನಷ್ಟು ಹಣವನ್ನು ಬೇರೆ ಖಾತೆಯಲ್ಲಿಡಿ, ಅದನ್ನು ಮುಟ್ಟಬೇಡಿ.

ಫೆಲೋಶಿಪ್ ಸಂಬಳವಲ್ಲ. ಓದಿನ ಖರ್ಚಿಗೆಂದು ಕೊಡುವ ವಿದ್ಯಾರ್ಥಿವೇತನಕ್ಕೆ 1961ರ ಆದಾಯ ತೆರಿಗೆ ಕಾಯ್ದೆಯ 10(16)ರಲ್ಲೇ ವಿನಾಯಿತಿ ಇತ್ತು, ಅದು ಲಾಭ. ಆದರೆ ಪಿಎಫ್ ಇಲ್ಲ, ಗ್ರಾಚ್ಯುಯಿಟಿ ಇಲ್ಲ, ಫಾರಂ 16 ಇಲ್ಲ. ಒಂದು ಸ್ಕೂಟರ್ ಸಾಲಕ್ಕೆ ಹೋದಾಗ ಬ್ಯಾಂಕಿನವರು ‘ಸ್ಯಾಲರಿ ಸ್ಲಿಪ್ ತನ್ನಿ’ ಎಂದು ವಾಪಸು ಕಳಿಸಿದರು. ಇಪ್ಪತ್ತೆರಡರಿಂದ ಇಪ್ಪತ್ತೊಂಬತ್ತರವರೆಗಿನ ವಯಸ್ಸಿನಲ್ಲಿ, ಕೆಲಸಕ್ಕೆ ಸೇರಿದ ಗೆಳತಿಯರ ಪಿಎಫ್ ತಾನಾಗಿ ಬೆಳೆಯುತ್ತದೆ. ನಮ್ಮದನ್ನು ನಾವೇ ಕಟ್ಟಿಕೊಳ್ಳಬೇಕು. 25,000 ಬರತೊಡಗಿದ ಮೇಲೆ ನಾನು ಅಂಚೆ ಕಚೇರಿಯಲ್ಲಿ ಪಿಪಿಎಫ್ ಖಾತೆ ತೆರೆದೆ. ಆಗ ಬಡ್ಡಿ ಶೇ 8.7 ಇತ್ತು, ಈಚಿನ ವರ್ಷಗಳಲ್ಲಿ 7.1. ವರ್ಷಕ್ಕೆ 500 ಕಟ್ಟಿದರೂ ಖಾತೆ ಜೀವಂತವಿರುತ್ತದೆ, ಹದಿನೈದು ವರ್ಷದ ಎಣಿಕೆ ಶುರುವಾಗಿರುತ್ತದೆ. ಫೆಲೋಶಿಪ್ ಜೀವನಕ್ಕೆ ಇದಕ್ಕಿಂತ ಹೊಂದುವ ಉಳಿತಾಯ ನನಗೆ ಕಂಡಿಲ್ಲ.

ಈಗ ಇನ್ನೊಂದು ದಾರಿಯೂ ತೆರೆದಿದೆ. ಯುಜಿಸಿಯ 2022ರ ನಿಯಮದ ಪ್ರಕಾರ ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಅಂಕ ಪಡೆದವರು ಎಂ.ಎಸ್ಸಿ ಇಲ್ಲದೆ ನೇರ ಪಿಎಚ್‌ಡಿಗೆ ಅರ್ಹರು. ಮೀಸಲಾತಿ ವರ್ಗಗಳಿಗೆ ಶೇ 5ರ ಸಡಿಲಿಕೆ ಇದೆ. ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಬಂದು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿದೆ. ಹಾಗಾಗಿ ನಮ್ಮ ಸರ್ಕಾರಿ ಕಾಲೇಜಿನಲ್ಲಿ ಮೂರು ವರ್ಷದ ಬಿ.ಎಸ್ಸಿ ಓದುವ ಮಗುವಿಗೆ ಬೇಗ ಸಂಶೋಧನೆಗೆ ಹೋಗಲು ಇರುವ ಭದ್ರವಾದ ಬಾಗಿಲು ಇಂಟಿಗ್ರೇಟೆಡ್ ಕೋರ್ಸೇ. ಇದನ್ನು ಪದವಿ ಕಾಲೇಜುಗಳ ಮೇಷ್ಟ್ರುಗಳು ಮೊದಲ ವರ್ಷದಲ್ಲೇ ಮಕ್ಕಳಿಗೆ ಹೇಳಬೇಕು. ಪ್ರತಿ ಫೆಬ್ರುವರಿಯಲ್ಲಿ ನಡೆಯುವ ಜಾಮ್ ಪರೀಕ್ಷೆಯ ಹೆಸರನ್ನೇ ಕೇಳದ ಎಷ್ಟೋ ಜಾಣ ಮಕ್ಕಳು ತಾಲ್ಲೂಕು ಕೇಂದ್ರಗಳಲ್ಲಿದ್ದಾರೆ. ಅದು ನನಗೆ ತುಂಬಾ ಸಂಕಟದ ಸಂಗತಿ.

ನೇರ ಪಿಎಚ್‌ಡಿ ಬಗ್ಗೆ ಒಂದು ಎಚ್ಚರ ಬೇಕು. ಪ್ರವೇಶ ಸಿಕ್ಕಿತು ಅಂದರೆ ಫೆಲೋಶಿಪ್ ಸಿಕ್ಕಿತು ಅಂತಲ್ಲ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ನೆಟ್ ಇಲ್ಲದೆ ಸೇರಿದವರಿಗೆ ಯುಜಿಸಿ ಕೊಡುವ 8,000 ವರ್ಷಗಳಿಂದ ಏರಿಲ್ಲ. ಬೇರೆ ಕಡೆ ಅಷ್ಟೂ ಇಲ್ಲದಿರಬಹುದು. ದುಡ್ಡಿನ ಮೂಲ ಖಚಿತವಾಗದೆ ಸೇರಬೇಡಿ ಅಂತಲೇ ನನ್ನ ಸಲಹೆ.

ಅಮೆರಿಕದ ಲೆಕ್ಕವೂ ಇದಕ್ಕೆ ಹತ್ತಿರದ್ದೇ. ಅಲ್ಲಿನ ಬಹಳಷ್ಟು ವಿಜ್ಞಾನ ವಿಭಾಗಗಳು ಪದವಿಯಾದ ಕೂಡಲೇ ಪಿಎಚ್‌ಡಿಗೆ ತೆಗೆದುಕೊಂಡು, ಫೀಸು ಮನ್ನಾ ಮಾಡಿ ಸ್ಟೈಪೆಂಡ್ ಕೊಡುತ್ತವೆ, ಎಂ.ಎಸ್ ದಾರಿಯಲ್ಲೇ ಬರುತ್ತದೆ. ಸಂಶೋಧನೆಯೇ ಗುರಿಯಾಗಿದ್ದರೆ, ಮನೆ ಅಡವಿಟ್ಟು ಎಂ.ಎಸ್‌ಗೆ ಹೋಗುವ ಮುನ್ನ ಅದಕ್ಕೊಮ್ಮೆ ಅರ್ಜಿ ಹಾಕಿ ನೋಡಿ.

ಸೇರುವ ಮೊದಲು ಸಂಸ್ಥೆಯನ್ನು ಕೇಳಿ ಲಿಖಿತ ಉತ್ತರ ಪಡೆಯಬೇಕಾದ ಸಂಗತಿಗಳಿವೆ. ನಡುವೆ ಬಿಟ್ಟರೆ ಸ್ನಾತಕೋತ್ತರ ಪದವಿ ಕೊಡುತ್ತೀರಾ, ಯಾವ ಹಂತ ದಾಟಿರಬೇಕು? ಪಡೆದ ಸ್ಟೈಪೆಂಡ್ ಮರಳಿಸಬೇಕಾ? ಯುಜಿಸಿ ನಿಯಮ ಮಹಿಳೆಯರಿಗೆ 240 ದಿನದವರೆಗೆ ಹೆರಿಗೆ ಮತ್ತು ಶಿಶುಪಾಲನಾ ರಜೆಗೆ ಅವಕಾಶ ಕೊಟ್ಟಿದೆ. ಆ ದಿನಗಳಲ್ಲಿ ಫೆಲೋಶಿಪ್ ನಿಲ್ಲುತ್ತದಾ? ಬಹಳ ಮುಖ್ಯವಾದದ್ದು, ಐದು ವರ್ಷದ ಫೆಲೋಶಿಪ್‌ನಲ್ಲಿ ಪಾಠದ ಎರಡು ವರ್ಷ ಸೇರಿದೆಯಾ? ಸೇರಿದ್ದರೆ ಪ್ರಬಂಧ ಬರೆಯುವ ಕೊನೆಯ ತಿಂಗಳುಗಳಲ್ಲಿ ಕೈ ಖಾಲಿ. ನಾನು ಎಸ್‌ಆರ್‌ಎಫ್ ಬಂದ ತಿಂಗಳಿಂದಲೇ ಐದು ಸಾವಿರದ ಆರ್‌ಡಿ ಕಟ್ಟತೊಡಗಿದ್ದೆ. ಫೆಲೋಶಿಪ್ ನಿಂತ ಮೇಲೆ ಮೆಸ್ಸು, ಪ್ರಬಂಧದ ಮುದ್ರಣ, ಬೈಂಡಿಂಗು, ಪೋಸ್ಟ್‌ಡಾಕ್ ಅರ್ಜಿಗಳ ಓಡಾಟ, ಎಲ್ಲಕ್ಕೂ ಅದೇ ಒದಗಿತು.