ಜಪಾನೀ ಭಾಷೆಯ ಮೊದಲ ಮೆಟ್ಟಿಲು

ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಅತ್ತ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆ 1997ರಲ್ಲಿಯೇ ಸ್ಥಾಪಿತವಾಗಿದೆ. ನಮ್ಮ ಸೀಮೆಯ ತರುಣರು ಪ್ರವಾಸಿ ಮಾರ್ಗದರ್ಶಕರಾಗಲಿ, ಕಾರ್ಖಾನೆಯ ತಂತ್ರಜ್ಞರಾಗಲಿ ಆಗಬಯಸಿದರೆ ಜಪಾನೀ ಭಾಷೆಯ ಅಲ್ಪ ಪರಿಚಯವೂ ಉಪಯುಕ್ತವೇ. ಆದರೆ ಇಂಗ್ಲಿಷ್ ಚೆನ್ನಾಗಿ ಬಾರದವನಿಗೆ ಜಪಾನೀ ಎಟುಕದೆಂಬ ಅಳುಕು ಅನೇಕರಲ್ಲಿದೆ. ಪಾಠಪುಸ್ತಕಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುವುದೇ ಇದಕ್ಕೆ ಕಾರಣ. ವಸ್ತುತಃ ಕನ್ನಡ ಬಲ್ಲವನಿಗೆ ಜಪಾನೀ ವಾಕ್ಯದ ಕಟ್ಟು ಅಪರಿಚಿತವಲ್ಲ. ಅದನ್ನು ಇಂಗ್ಲಿಷಿನ ಮೂಲಕ ಕಲಿಯುವುದೆಂದರೆ ಬೇಲೂರಿನಿಂದ ಹಳೇಬೀಡಿಗೆ ಅರಸೀಕೆರೆಯನ್ನು ಸುತ್ತಿಕೊಂಡು ಹೋದಂತೆ.

ಒಂದು ವಾಕ್ಯವನ್ನು ನೋಡೋಣ: 'ವತಶಿ ವ ಅರಸೀಕೆರೆ ಕರ ಬೇರೂರು ಎ ಬಸು ದೆ ಇಕಿಮಸು.' ನಾನು ಅರಸೀಕೆರೆಯಿಂದ ಬೇಲೂರಿಗೆ ಬಸ್ಸಿನಲ್ಲಿ ಹೋಗುತ್ತೇನೆ ಎಂದರ್ಥ. 'ಕರ' ಎಂದರೆ ಇಂದ, 'ಎ' ಎಂದರೆ ಗೆ, 'ದೆ' ಎಂದರೆ ಇಲ್ಲಿ ಅಲ್ಲಿ; ಪ್ರತ್ಯಯಗಳು ನಮ್ಮಲ್ಲಿಯಂತೆ ನಾಮಪದದ ಹಿಂದೆಯೇ ಬರುತ್ತವೆ, ಕ್ರಿಯಾಪದ ಕೊನೆಗೆ ನಿಲ್ಲುತ್ತದೆ. ಒಂದು ಪದದ ಸ್ಥಾನವನ್ನೂ ಕದಲಿಸಬೇಕಾಗಿಲ್ಲ. ದ್ವಿತೀಯಾ ವಿಭಕ್ತಿಗೆ 'ಒ' ಉಂಟು: 'ಮಿಜು ಒ ನೊಮಿಮಸು', ನೀರನ್ನು ಕುಡಿಯುತ್ತೇನೆ. ಪ್ರಶ್ನಿಸಲು ಕೊನೆಗೆ 'ಕ' ಸೇರಿಸಿದರಾಯಿತು: 'ಇಕಿಮಸು ಕ', ಹೋಗುತ್ತೀರಾ? ಇನ್ನೊಂದು ಸೌಲಭ್ಯವೆಂದರೆ ಹೋಗುತ್ತೇನೆ, ಹೋಗುತ್ತಾಳೆ, ಹೋಗುತ್ತಾರೆ ಎಲ್ಲಕ್ಕೂ 'ಇಕಿಮಸು' ಒಂದೇ ರೂಪ. ಅದರ ಕೊನೆಯ ಉಕಾರ ಉಚ್ಚಾರದಲ್ಲಿ ಬಹುತೇಕ ಅಡಗುತ್ತದೆ.

ಸಾಮ್ಯವು ಪದಗಳ ಅನುಕ್ರಮಕ್ಕೇ ಸೀಮಿತವಲ್ಲ. 'ತಬೆತೆ' ಎಂದರೆ ತಿಂದು, 'ಮಿಮಸು' ಎಂದರೆ ನೋಡುತ್ತೇನೆ. 'ತಬೆತೆ ಮಿಮಸು' ಎಂದರೆ ತಿಂದು ನೋಡುತ್ತೇನೆ, ಅಂದರೆ ರುಚಿಯನ್ನು ಪರೀಕ್ಷಿಸುತ್ತೇನೆ. ಕಣ್ಣಿನ ನೋಟಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಇಂಗ್ಲಿಷ್ ಪುಸ್ತಕಗಳು ವಿವರಿಸಬೇಕಾಗುತ್ತದೆ. ನಮ್ಮ ಮನೆಗಳಲ್ಲಿ ಇದು ದಿನನಿತ್ಯದ ಮಾತು. ಒಬ್ಬ, ಇಬ್ಬರು ಎಂಬುದಕ್ಕೆ 'ಹಿತೊರಿ', 'ಫುತರಿ'. ವಸ್ತುಗಳಿಗೆ ಒಂದು, ಎರಡು ಎನ್ನುವಾಗ 'ಹಿತೊತ್ಸು', 'ಫುತತ್ಸು'. ಮುಂದೆ ಕಾಗದಕ್ಕೊಂದು, ಪುಸ್ತಕಕ್ಕೊಂದು, ಉದ್ದನೆಯ ವಸ್ತುವಿಗೊಂದು ಎಣಿಕೆಯ ಪದ ಬರುತ್ತದೆ. ಅವನ್ನು ಕಂಠಪಾಠ ಮಾಡದೆ ವಿಧಿಯಿಲ್ಲ.

ಕನ್ನಡವು ನೆರವಾಗದ ಕಡೆಯೂ ಇದೆ. ಮೇಲಿನ ವಾಕ್ಯದ 'ವ' ವಿಭಕ್ತಿಯಲ್ಲ. ಯಾವುದನ್ನು ಕುರಿತು ಮಾತು ಎಂಬುದನ್ನು ತೋರುವ ಗುರುತು. ಕರ್ತೃವನ್ನು ಸೂಚಿಸುವ 'ಗ' ಬೇರೆ. ಯಾರು ಹೋಗುತ್ತಾರೆಂದು ಕೇಳಿದಾಗ 'ವತಶಿ ಗ' ಎನ್ನಬೇಕು, 'ವತಶಿ ವ' ಸಲ್ಲದು. ಈ ಭೇದ ಕೈವಶವಾಗಲು ಕಾಲ ಬೇಕು.

ಉಚ್ಚಾರಣೆಗೆ ರೋಮನ್ ಲಿಪಿಗಿಂತ ನಮ್ಮ ಲಿಪಿಯೇ ಮೇಲು. 'ಒಬಸನ್' ಎಂದರೆ ಚಿಕ್ಕಮ್ಮ ಅಥವಾ ಅತ್ತೆ. 'ಒಬಾಸನ್' ಎಂದರೆ ಅಜ್ಜಿ. 'ಕಿತೆ' ಎಂದರೆ ಬಂದು, 'ಕಿತ್ತೆ' ಎಂದರೆ ಅಂಚೆಚೀಟಿ. ಕತೆಗೂ ಕತ್ತೆಗೂ ಇರುವ ಅಂತರವನ್ನು ಬಲ್ಲ ಬಾಲಕನಿಗೆ ಇದು ಕಷ್ಟವಲ್ಲ. ಲಕಾರ ಮಾತ್ರ ಆ ಭಾಷೆಯಲ್ಲಿಲ್ಲ; ಆದುದರಿಂದಲೇ ಬೇಲೂರು 'ಬೇರೂರು' ಆಯಿತು.

ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನದ ಲಿಪಿ ಬ್ರಾಹ್ಮಿಯ ಸಂತತಿಯೆಂಬುದು ಸರ್ವವಿದಿತ. ಅದೇ ಬ್ರಾಹ್ಮಿಯಿಂದ ಬಂದ ಸಿದ್ಧಂ ಲಿಪಿಯನ್ನು ಬೌದ್ಧ ಭಿಕ್ಷುಗಳು ಚೀನದ ಮಾರ್ಗವಾಗಿ ಜಪಾನಿಗೆ ಒಯ್ದರು. ಅಲ್ಲಿಯ ಅಕ್ಷರಗಳ ಆಕಾರ ಚೀನೀ ಮೂಲದ್ದಾದರೂ ಅವುಗಳ ಅನುಕ್ರಮ ಸಂಸ್ಕೃತ ವರ್ಣಮಾಲೆಯ ಪ್ರಭಾವದಿಂದ ರೂಪುಗೊಂಡಿತು: ಸ್ವರಗಳು ಅ, ಇ, ಉ, ಎ, ಒ, ಬಳಿಕ ಕ, ಸ, ತ, ನ, ಹ, ಮ, ಯ, ರ, ವ. ಹಿರಗನ, ಕತಕನ ಎಂಬ ಎರಡು ಮಾಲೆಗಳಲ್ಲಿ ತಲಾ 46 ಮೂಲಾಕ್ಷರಗಳಿವೆ. ಇವುಗಳ ಜೊತೆಗೆ ನಿತ್ಯಬಳಕೆಗೆಂದು ಗೊತ್ತುಪಡಿಸಿದ 2136 ಚೀನೀ ಮೂಲದ ಅಕ್ಷರಗಳುಂಟು. ನಿಜವಾದ ಪರಿಶ್ರಮ ಅಲ್ಲಿದೆ.

ಇಷ್ಟು ಹೋಲಿಕೆಯನ್ನು ಕಂಡು ಎರಡೂ ಒಂದೇ ಕುಲದ ಭಾಷೆಗಳೆಂದು ಹಿಗ್ಗಬಾರದು. ಸುಸುಮು ಓನೊ ಎಂಬ ಜಪಾನೀ ವಿದ್ವಾಂಸರು ತಮಿಳಿಗೂ ಜಪಾನಿಗೂ ನಂಟುಂಟೆಂದು ವಾದಿಸಿದರು. ಭಾಷಾವಿಜ್ಞಾನಿಗಳಲ್ಲಿ ಹೆಚ್ಚಿನವರು ಅದನ್ನು ಒಪ್ಪಿಲ್ಲ. ನಂಟಿಲ್ಲದಿದ್ದರೂ ಕಲಿಕೆಗೆ ಹೋಲಿಕೆ ಸಾಲದೆ?

ಅಭ್ಯಾಸಕ್ಕಾಗಿ ಒಂದು ವಾಕ್ಯ: 'ಅರಸೀಕೆರೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುತ್ತೀರಾ?' ರೈಲಿಗೆ 'ದೆನ್ಶ' ಎನ್ನಬೇಕು. ಉಳಿದುದೆಲ್ಲ ಮೇಲೆ ಬಂದಿದೆ. ಬೆಂಗಳೂರಿನ ಳಕಾರಕ್ಕೂ ಅಲ್ಲಿ ರಕಾರವೇ ಗತಿ.