ಹೊಸ ರಾಷ್ಟ್ರೀಯ ಪಕ್ಷ ಕಟ್ಟುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ದೇಶಮಟ್ಟದ ಪಕ್ಷ ಕಟ್ಟಲು ಹೊರಟವರು, ಅದರ ಪ್ರಣಾಳಿಕೆ ಬರೆಯಲು ಕೂತವರು ವೇದಿಕೆ ಹತ್ತುವ ಮೊದಲು ಇದನ್ನು ಓದಿ.

ತಪ್ಪಿದರೆ ಆಗುವುದಿಷ್ಟು: ಅರ್ಜಿ ತಿರಸ್ಕಾರವಾಗುತ್ತದೆ, ತೆರಿಗೆ ವಿನಾಯಿತಿ ಹೋಗುತ್ತದೆ, ಅಭ್ಯರ್ಥಿಗಳು ಅನರ್ಹರಾಗುತ್ತಾರೆ, ಪಕ್ಷದ ಹೆಸರೇ ಅಳಿಯುತ್ತದೆ. 2025ರ ಆಗಸ್ಟ್‌ನಲ್ಲಿ ಚುನಾವಣಾ ಆಯೋಗ 334 ಪಕ್ಷಗಳನ್ನು, ಸೆಪ್ಟೆಂಬರ್‌ನಲ್ಲಿ ಮತ್ತೆ 474 ಪಕ್ಷಗಳನ್ನು ಪಟ್ಟಿಯಿಂದ ತೆಗೆದುಹಾಕಿತು. ಅವು ಸತತ ಆರು ವರ್ಷ ಒಂದು ಚುನಾವಣೆಗೂ ನಿಂತಿರಲಿಲ್ಲ.

ಮಾಡಬೇಕಾದ್ದು

- ಸ್ಥಾಪನೆಯ ದಿನಾಂಕವನ್ನು ನಡಾವಳಿ ಪುಸ್ತಕದಲ್ಲಿ ದಾಖಲಿಸಿ.
- ಆ ದಿನದಿಂದ 30 ದಿನದೊಳಗೆ ದೆಹಲಿಯ ನಿರ್ವಾಚನ ಸದನದಲ್ಲಿರುವ ಚುನಾವಣಾ ಆಯೋಗಕ್ಕೆ ಅರ್ಜಿ ಮುಟ್ಟಿಸಿ. ಇದು 1951ರ ಜನಪ್ರಾತಿನಿಧ್ಯ ಕಾಯ್ದೆಯ 29ಎ ಕಲಮಿನ ಗಡುವು. ತಡವಾದರೆ ಕ್ಷಮೆ ಇಲ್ಲ.
- 10,000 ರೂಪಾಯಿಯ ಡಿ.ಡಿ. ಲಗತ್ತಿಸಿ.
- ಸಂವಿಧಾನಕ್ಕೆ, ಸಮಾಜವಾದ, ಜಾತ್ಯತೀತತೆ, ಪ್ರಜಾಪ್ರಭುತ್ವ ತತ್ವಗಳಿಗೆ ನಿಷ್ಠೆ, ದೇಶದ ಸಾರ್ವಭೌಮತ್ವ, ಏಕತೆ, ಅಖಂಡತೆಯ ರಕ್ಷಣೆ: ಕಾಯ್ದೆಯ ಈ ಮಾತನ್ನು ಬೈಲಾದಲ್ಲಿ ಇದ್ದ ಹಾಗೇ ಬರೆಯಿರಿ.
- ಬೈಲಾದ ಪುಟಪುಟಕ್ಕೂ ಸಹಿ ಮತ್ತು ಮೊಹರು ಹಾಕಿ.
- ಐದು ವರ್ಷ ಮೀರದಂತೆ ಪದಾಧಿಕಾರಿಗಳ ಚುನಾವಣೆ ನಡೆಸುವ ನಿಯಮ ಸೇರಿಸಿ. ಒಳಗೆ ಮತದಾನವಿಲ್ಲದ ಪಕ್ಷಕ್ಕೆ ಹೊರಗೆ ಮತ ಕೇಳುವ ನೈತಿಕ ಹಕ್ಕಿಲ್ಲ.
- ನೋಂದಣಿಯಾದ ಐದು ವರ್ಷದೊಳಗೆ ಚುನಾವಣೆಗೆ ನಿಲ್ಲುತ್ತೇವೆಂದು ಅದೇ ಬೈಲಾದಲ್ಲಿ ಒಪ್ಪಿಕೊಳ್ಳಿ.
- ಕನಿಷ್ಠ 100 ಸದಸ್ಯರಿಂದ ಪ್ರತ್ಯೇಕ ಅಫಿಡವಿಟ್ ಪಡೆಯಿರಿ. ತಾವು ಮತದಾರರು, ಬೇರೆ ಯಾವ ಪಕ್ಷದ ಸದಸ್ಯರೂ ಅಲ್ಲ ಎಂದು ಪ್ರತಿಯೊಬ್ಬರೂ ಹೇಳಬೇಕು.
- ಕೇಂದ್ರ ಕಚೇರಿಯ ಕಟ್ಟಡ ಮಾಲೀಕರಿಂದ ನಿರಾಕ್ಷೇಪಣಾ ಪತ್ರ ಪಡೆಯಿರಿ.
- ಪಕ್ಷದ ಉದ್ದೇಶಿತ ಹೆಸರನ್ನು ಎರಡು ರಾಷ್ಟ್ರೀಯ, ಎರಡು ಸ್ಥಳೀಯ ದಿನಪತ್ರಿಕೆಗಳಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಿರಿ.
- ಪಕ್ಷದ ಹೆಸರಿನಲ್ಲೇ ಪ್ಯಾನ್ ಮತ್ತು ಬ್ಯಾಂಕ್ ಖಾತೆ ಮಾಡಿಸಿ.
- 20,000 ರೂಪಾಯಿ ಮೀರಿದ ಪ್ರತಿ ದೇಣಿಗೆಯ ವಿವರವನ್ನು ವರ್ಷವರ್ಷವೂ ಆಯೋಗಕ್ಕೆ ಸಲ್ಲಿಸಿ.
- ಲೆಕ್ಕಪರಿಶೋಧನೆ ಮಾಡಿಸಿ.
- ಆದಾಯ ತೆರಿಗೆ ವಿವರವನ್ನು ಗಡುವಿನೊಳಗೆ ಸಲ್ಲಿಸಿ. ತೆರಿಗೆ ಸೊನ್ನೆ ಎಂಬ ನೆಪ ನಡೆಯುವುದಿಲ್ಲ.

ಪ್ರಣಾಳಿಕೆಗೆ ಬನ್ನಿ. ಹೊಸ ಪಕ್ಷಗಳು ಹೆಚ್ಚು ಎಡವುವುದು ಇಲ್ಲಿಯೇ.

- ಭರವಸೆ ಬರೆಯುವ ಮೊದಲು, ವಿಷಯ ಕೇಂದ್ರದ್ದೋ ರಾಜ್ಯದ್ದೋ ಎಂದು ಸಂವಿಧಾನದ ಏಳನೇ ಅನುಸೂಚಿ ತೆರೆದು ನೋಡಿ. ಪೊಲೀಸ್, ಕೃಷಿ, ಸಾರ್ವಜನಿಕ ಆರೋಗ್ಯ ರಾಜ್ಯಪಟ್ಟಿಯಲ್ಲಿವೆ. ಶಿಕ್ಷಣ, ಅರಣ್ಯ 1976ರ 42ನೇ ತಿದ್ದುಪಡಿಯಿಂದ ಸಮವರ್ತಿ ಪಟ್ಟಿಗೆ ಬಂದಿವೆ.
- ಪ್ರತಿ ಭರವಸೆಯ ಎದುರು ಅದರ ಖರ್ಚನ್ನೂ ಹಣದ ಮೂಲವನ್ನೂ ಬರೆಯಿರಿ. ಸುಬ್ರಮಣಿಯಂ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಕೊಟ್ಟ ಸೂಚನೆಯಂತೆ ಆಯೋಗ ರೂಪಿಸಿದ ಮಾರ್ಗಸೂಚಿ ಇದನ್ನೇ ಕೇಳುತ್ತದೆ.
- ತೆರಿಗೆ ಹಂಚಿಕೆಯಲ್ಲಿ ನಿಲುವು ತೆಗೆದುಕೊಳ್ಳಿ. ಹದಿನಾಲ್ಕನೇ ಹಣಕಾಸು ಆಯೋಗದಿಂದ ಹದಿನೈದನೆಯದಕ್ಕೆ ಬರುವಾಗ ಕರ್ನಾಟಕದ ಪಾಲು ಶೇ 4.713ರಿಂದ ಶೇ 3.647ಕ್ಕೆ ಇಳಿಯಿತು. ಬಿಹಾರಕ್ಕೂ ಕರ್ನಾಟಕಕ್ಕೂ ಒಂದೇ ಸೂತ್ರವನ್ನು ಹೇಳಲಾಗದ ಪಕ್ಷ ದೇಶದ ಪಕ್ಷವಲ್ಲ.
- ಲೋಕಸಭಾ ಕ್ಷೇತ್ರಗಳ ಮರುವಿಂಗಡಣೆ ಮತ್ತು ಭಾಷಾ ನೀತಿಯ ಬಗ್ಗೆ ಲಿಖಿತವಾಗಿ ಉತ್ತರ ಕೊಡಿ.
- ಕನ್ನಡ ಪ್ರಣಾಳಿಕೆಯನ್ನು ಹಿಂದಿ, ಇಂಗ್ಲಿಷ್ ಪ್ರತಿಗಳ ಜೊತೆಗೇ ಬಿಡುಗಡೆ ಮಾಡಿ. ಸಾರಾಂಶ ಸಾಲದು, ಪೂರ್ತಿ ಪಾಠ ಕೊಡಿ.

ಚುನಾವಣೆ ಬಂದಾಗ:

- ರಾಜ್ಯ ಅಥವಾ ರಾಷ್ಟ್ರೀಯ ಪಕ್ಷದ ಮಾನ್ಯತೆ ಸಿಗುವವರೆಗೆ ಪ್ರತಿ ನಾಮಪತ್ರಕ್ಕೂ ಆ ಕ್ಷೇತ್ರದ 10 ಮತದಾರರಿಂದ ಸೂಚಕರ ಸಹಿ ಹಾಕಿಸಿ.
- ಪಕ್ಷದ ಅಭ್ಯರ್ಥಿ ಯಾರೆಂದು ತಿಳಿಸುವ ನಮೂನೆ ಎ ಮತ್ತು ಬಿ ಪತ್ರಗಳನ್ನು ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ತಲುಪಿಸಿ.
- ಅಭ್ಯರ್ಥಿಯ ಮೇಲಿನ ಕ್ರಿಮಿನಲ್ ಪ್ರಕರಣಗಳನ್ನು, ಆತನನ್ನೇ ಆರಿಸಿದ ಕಾರಣದ ಸಮೇತ, ಆಯ್ಕೆಯಾದ 48 ಗಂಟೆಯೊಳಗೆ ಪ್ರಕಟಿಸಿ. ಕಾರಣ ಬರೆಯಲು ಕೈ ತಡೆದರೆ ಟಿಕೆಟ್ ಬದಲಿಸಿ.
- ಅಭ್ಯರ್ಥಿಯ ಖರ್ಚಿನ ಲೆಕ್ಕವನ್ನು ಫಲಿತಾಂಶದ 30 ದಿನದೊಳಗೆ ಸಲ್ಲಿಸಿ.

ಮಾಡಬಾರದ್ದು

- ನೋಂದಣಿಯಾದ ಮಾತ್ರಕ್ಕೆ 'ರಾಷ್ಟ್ರೀಯ ಪಕ್ಷ'ವೆಂದು ಹೇಳಿಕೊಳ್ಳುವುದು ಬೇಡ. ಆ ಮಾನ್ಯತೆಗೆ ಮೂರು ದಾರಿಗಳಿವೆ: ನಾಲ್ಕು ರಾಜ್ಯಗಳಲ್ಲಿ ತಲಾ ಶೇ 6 ಮತ ಮತ್ತು ನಾಲ್ಕು ಲೋಕಸಭಾ ಸ್ಥಾನ, ಕನಿಷ್ಠ ಮೂರು ರಾಜ್ಯಗಳಿಂದ ಲೋಕಸಭೆಯ ಶೇ 2ರಷ್ಟು ಸ್ಥಾನ, ಅಥವಾ ನಾಲ್ಕು ರಾಜ್ಯಗಳಲ್ಲಿ ರಾಜ್ಯ ಪಕ್ಷದ ಮಾನ್ಯತೆ. 2012ರಲ್ಲಿ ಹುಟ್ಟಿದ ಆಮ್ ಆದ್ಮಿ ಪಕ್ಷಕ್ಕೆ ಅದು ಸಿಕ್ಕಿದ್ದು 2023ರ ಏಪ್ರಿಲ್ 10ರಂದು. ಅದೇ ದಿನ ಎನ್‌ಸಿಪಿ, ತೃಣಮೂಲ ಕಾಂಗ್ರೆಸ್, ಸಿಪಿಐ ಅದನ್ನು ಕಳೆದುಕೊಂಡವು.
- ಜಾತಿ, ಮತ ಸೂಚಿಸುವ ಹೆಸರು ಬೇಡ.
- ಇರುವ ಪಕ್ಷದ ಹೆಸರಿಗೆ ಒಂದಕ್ಷರ ಸೇರಿಸಿ ಹೊಸ ಹೆಸರು ಮಾಡಬಾರದು.
- ಚಿಹ್ನೆ ಮಂಜೂರಾಗುವ ಮೊದಲು ಬಾವುಟ, ಕರಪತ್ರ ಮುದ್ರಿಸುವುದು ಬೇಡ. 1977ರಲ್ಲಿ ಜನತಾ ಪಕ್ಷವೇ ಹೆಚ್ಚಿನ ಕಡೆ ಭಾರತೀಯ ಲೋಕದಳದ ಚಿಹ್ನೆಯ ಮೇಲೆ ನಿಂತಿತ್ತು.
- ಕೇಳದೆ ಯಾರ ಹೆಸರನ್ನೂ ಸದಸ್ಯರ ಪಟ್ಟಿಗೆ ಸೇರಿಸಬಾರದು.
- ಒಬ್ಬರಿಂದ 2,000 ರೂಪಾಯಿಗಿಂತ ಹೆಚ್ಚು ನಗದು ದೇಣಿಗೆ ಬೇಡ.
- ಸರ್ಕಾರಿ ಕಂಪನಿಯ ಹಣ ಬೇಡ.
- ವಿದೇಶಿ ಹಣ ಬೇಡ. ಅಮೆರಿಕದಲ್ಲೋ ಬ್ರಿಟನ್ನಿನಲ್ಲೋ ಪೌರತ್ವ ಪಡೆದ ಕನ್ನಡಿಗರು ಎಷ್ಟೇ ಪ್ರೀತಿಯಿಂದ ಕೊಟ್ಟರೂ, ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ಮೂಲದ ಹಣವೇ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರ ಮಾತು ಬೇರೆ.
- ದೇಣಿಗೆಯೆಂದು ಚೆಕ್ ಪಡೆದು, ಕಮಿಷನ್ ಮುರಿದುಕೊಂಡು ನಗದು ಹಿಂದಿರುಗಿಸುವ ದಂಧೆಗೆ ಪಕ್ಷದ ಖಾತೆ ಕೊಡಬಾರದು. ಹೆಸರಿಗೆ ಮಾತ್ರ ಇರುವ ಪಕ್ಷಗಳ ಹತ್ತಿರ ಈ ದಲ್ಲಾಳಿಗಳು ತಾವಾಗಿಯೇ ಬರುತ್ತಾರೆ.
- ಕಾವೇರಿಯ ಬಗ್ಗೆ ಮಂಡ್ಯದಲ್ಲಿ ಒಂದು ಮಾತು, ತಂಜಾವೂರಿನಲ್ಲಿ ಇನ್ನೊಂದು ಮಾತು ಬೇಡ. ಮಹದಾಯಿಗೂ ಇದೇ ನಿಯಮ.
- ಬೇರೆ ಪಕ್ಷದ ಪ್ರಣಾಳಿಕೆಯನ್ನು ನಕಲು ಮಾಡಬಾರದು.
- ಮತದಾನ ಮುಗಿಯುವ ಮುಂಚಿನ 48 ಗಂಟೆಗಳಲ್ಲಿ ಪ್ರಣಾಳಿಕೆ ಬಿಡುಗಡೆ ಮಾಡಬಾರದು.
- ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ಮತ ಕೇಳಬಾರದು. ಅಭ್ಯರ್ಥಿಯದಷ್ಟೇ ಅಲ್ಲ, ಮತದಾರನ ಧರ್ಮ, ಜಾತಿ ಹೇಳಿ ಕೇಳಿದರೂ ಭ್ರಷ್ಟ ಆಚರಣೆಯೇ ಎಂದು ಸುಪ್ರೀಂ ಕೋರ್ಟ್ 2017ರ ಜನವರಿ 2ರಂದು ತೀರ್ಪು ಕೊಟ್ಟಿದೆ.
- ಕುಕ್ಕರ್, ಸೀರೆ, ಹಣ ಹಂಚುವುದು ಬೇಡ.
- ಮಕ್ಕಳನ್ನು ಪ್ರಚಾರಕ್ಕೆ ಕರೆತರಬಾರದು.
- ಸಭೆಗೆ ಅನುಮತಿ ಪಡೆದ ಸಂಖ್ಯೆಗಿಂತ ಹೆಚ್ಚು ಜನ ಸೇರಿಸಬಾರದು.
- ನಾಯಕರು ತಡವಾಗಿ ಬಂದು ಜನರನ್ನು ಬಿಸಿಲಲ್ಲಿ ಕಾಯಿಸುವುದು ಬೇಡ. 2025ರ ಸೆಪ್ಟೆಂಬರ್ 27ರಂದು ತಮಿಳುನಾಡಿನ ಕರೂರಿನಲ್ಲಿ ಹೊಸ ಪಕ್ಷವೊಂದರ ಸಭೆಯ ನೂಕುನುಗ್ಗಲಿನಲ್ಲಿ 41 ಜನ ಸತ್ತರು. ನೀರು, ಆಂಬುಲೆನ್ಸ್, ಹೊರದಾರಿ ಖಚಿತವಾಗದಿದ್ದರೆ ಸಭೆಯೇ ಬೇಡ.
- ಮೊದಲ ಚುನಾವಣೆಯಲ್ಲೇ 543 ಕ್ಷೇತ್ರಗಳಿಗೆ ಕೈ ಚಾಚುವುದು ಬೇಡ. ಆಮ್ ಆದ್ಮಿ ಪಕ್ಷ 2014ರಲ್ಲಿ ನಾನೂರಕ್ಕೂ ಹೆಚ್ಚು ಕಡೆ ನಿಂತು ಗೆದ್ದದ್ದು ನಾಲ್ಕೇ, ನಾಲ್ಕೂ ಪಂಜಾಬಿನಲ್ಲಿ. ಆರರಲ್ಲಿ ಒಂದು ಪಾಲು ಮತ ಬಾರದಿದ್ದರೆ 25,000 ರೂಪಾಯಿ ಠೇವಣಿ ಹೋಗುತ್ತದೆ. ಸಾಲ ಮಾಡಿ ನಿಂತ ಕಾರ್ಯಕರ್ತನ ಮನೆಯೂ ಅದರ ಜೊತೆ ಕುಸಿಯುತ್ತದೆ.
- ಸೋತ ಮೇಲೆ ಸದಸ್ಯರನ್ನು ಕೇಳದೆ ಪಕ್ಷವನ್ನು ವಿಲೀನ ಮಾಡಬಾರದು. ಆಂಧ್ರದ ಪ್ರಜಾರಾಜ್ಯಂ ಪಕ್ಷ 2008ರಲ್ಲಿ ಹುಟ್ಟಿ 2011ರಲ್ಲಿ ಕಾಂಗ್ರೆಸ್ ಸೇರಿತು. ಕರ್ನಾಟಕ ಜನತಾ ಪಕ್ಷ 2013ರಲ್ಲಿ ಆರು ಸ್ಥಾನ ಗೆದ್ದು ಮರುವರ್ಷವೇ ಬಿಜೆಪಿಯಲ್ಲಿ ಕರಗಿತು. ಬಾವುಟ ಕಟ್ಟಿದವರಿಗೆ, ಹಳೆಯ ಪಕ್ಷ ಬಿಟ್ಟು ಬಂದವರಿಗೆ ಉತ್ತರ ಹೇಳಲೇಬೇಕು. ವಿಲೀನಕ್ಕೆ ಸದಸ್ಯರ ಸಾಮಾನ್ಯ ಸಭೆಯ ಮತ ಕಡ್ಡಾಯ ಎಂಬ ನಿಯಮವನ್ನು ಅರ್ಜಿ ಹಾಕುವ ಮೊದಲೇ ಬೈಲಾದಲ್ಲಿ ಬರೆದಿಡಿ.